ಗುಡ್ಡಹೊಳೆಯ ಬೀಗರು

ನಮ್ಮ ಹುಬ್ಬಳ್ಳಿ ಕಡೆ ಹೊಸಬರು ಸಿಕ್ಕರೆ ಹೆಸರು ಕೇಳುವುದು ಎರಡನೆಯ ಮಾತು. ಮೊದಲು ಕೇಳುವುದು ಅಡ್ಡಹೆಸರು. ಅದೊಂದು ಗೊತ್ತಾದರೆ ಮಿಕ್ಕಿದ್ದನ್ನು ನಾವೇ ಊಹಿಸಿಕೊಳ್ಳುತ್ತೇವೆ. ಅಂಗಡಿ ಎಂದರೆ ವ್ಯಾಪಾರಸ್ಥರು, ತೋಟದ ಎಂದರೆ ನೀರಾವರಿ ಇದ್ದವರು, ಹೊಸಮನಿ ಎಂದರೆ ಎಂದೋ ಒಂದು ಕಾಲಕ್ಕೆ ಹೊಸ ಮನೆ ಕಟ್ಟಿಸಿದವರು. ಆ ಮನೆ ಬಿದ್ದು ಮಣ್ಣಾಗಿದ್ದರೂ ಅವರು ಹೊಸಮನಿಯವರೇ. ಬಾಯಿಬಿಟ್ಟು ಕೇಳಲು ನಾಚಿಕೆಯಾಗುವ ಇನ್ನೊಂದು ಸಂಗತಿಯೂ ಈ ಅಡ್ಡಹೆಸರಿನಲ್ಲೇ ತಿಳಿದುಹೋಗುತ್ತದೆ. ಅದಕ್ಕೇ ಈ ಪ್ರಶ್ನೆಯ ಮೇಲೆ ನಮ್ಮವರಿಗೆ ಅಷ್ಟು ಪ್ರೀತಿ ಎಂದು ನನ್ನ ಗುಮಾನಿ.

ಶಾಲೆಯಲ್ಲಿದ್ದಾಗ ನಮ್ಮ ತರಗತಿಯಲ್ಲಿ ಮೆಣಸಿನಕಾಯಿ ಎಂಬ ಅಡ್ಡಹೆಸರಿನ ಹುಡುಗಿಯೊಬ್ಬಳಿದ್ದಳು. ಹಾಜರಿ ಕರೆಯುವಾಗ ಪ್ರತಿದಿನ ನಗುತ್ತಿದ್ದವರಲ್ಲಿ ನಾನೇ ಮುಂದು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರಲ್ಲ, ಮುಂದೆ ನನ್ನನ್ನು ಕೊಟ್ಟದ್ದು ಮೆಣಸಿನಕಾಯಿಯವರ ಮನೆಗೇ. ಬೇರೆ ಮೆಣಸಿನಕಾಯಿ, ಆದರೆ ಖಾರ ಅದೇ.

ಈಗ ನಾವಿರುವುದು ಜರ್ಮನಿಯಲ್ಲಿ, ಶ್ವೀಬರ್ಡಿಂಗೆನ್ ಪಕ್ಕದ ಒಂದು ಸಣ್ಣ ಊರಿನಲ್ಲಿ. ನನ್ನ ಗಂಡ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರು. ಅಲ್ಲಿ ಏನು ಮಾಡುತ್ತಾರೆಂದು ಇಷ್ಟು ವರ್ಷವಾದರೂ ನನಗೆ ಸರಿಯಾಗಿ ಗೊತ್ತಿಲ್ಲ. ಬ್ರೇಕಿಗೆ ಸಂಬಂಧಪಟ್ಟದ್ದು. ನಾನು ಒಂದು ಕಿಂಡರ್‌ಗಾರ್ಟನ್ನಿನಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿನ ಮಕ್ಕಳಿಗೆ ನನ್ನ ಅಡ್ಡಹೆಸರಿನ ಅರ್ಧವಷ್ಟೇ ಬಾಯಿಗೆ ಬರುತ್ತದೆ, ಅವರ ಪಾಲಿಗೆ ನಾನು ‘ಫ್ರಾವ್ ಮೇನ’, ಅಂದರೆ ಶ್ರೀಮತಿ ಮೇನ.

ಈ ದೇಶದಲ್ಲಿ ಕಟ್ಟಡಕ್ಕೆ ನಂಬರು ಇರುತ್ತದೆ, ಒಳಗಿನ ಫ್ಲ್ಯಾಟುಗಳಿಗೆ ಸಾಮಾನ್ಯವಾಗಿ ಇರುವುದಿಲ್ಲ. ಕೆಳಗಿನ ಬಾಗಿಲ ಪಕ್ಕ ಕರೆಗಂಟೆಯ ಗುಂಡಿಗಳ ಸಾಲು, ಪ್ರತಿ ಗುಂಡಿಯ ಪಕ್ಕ ಒಂದು ಅಡ್ಡಹೆಸರು. ಅಲ್ಲಿ ನಿಮ್ಮ ಹೆಸರಿಲ್ಲದಿದ್ದರೆ ಪೋಸ್ಟು ಬರುವುದಿಲ್ಲ, ಪಾರ್ಸೆಲ್ ಬರುವುದಿಲ್ಲ, ಹೆಚ್ಚುಕಡಿಮೆ ನೀವೇ ಇಲ್ಲ. ನಮ್ಮ ಹೆಸರು ಆ ಪುಟ್ಟ ಪಟ್ಟಿಯಲ್ಲಿ ಹಿಡಿಸದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆಸಬೇಕಾಯಿತು.

ಆ ಪಟ್ಟಿಯ ಮೇಲೆ ನಮ್ಮ ಅತ್ತೆಗೆ ಎಲ್ಲಿಲ್ಲದ ಅಭಿಮಾನ. ಅತ್ತೆ ಹುಬ್ಬಳ್ಳಿಯಲ್ಲಿ ನನ್ನ ನಾದಿನಿಯ ಜೊತೆ ಇರುತ್ತಾರೆ, ಬೇಸಿಗೆಯಲ್ಲಿ ನಮ್ಮಲ್ಲಿಗೆ ಬರುತ್ತಾರೆ. ಇಂಗ್ಲಿಷ್ ಅಕ್ಷರ ಓದಲು ಬಾರದಿದ್ದರೂ ನಮ್ಮ ಗುಂಡಿ ಯಾವುದೆಂದು ಗುರುತು ಇಟ್ಟುಕೊಂಡಿದ್ದಾರೆ. ಸಂಜೆ ಮಕ್ಕಳ ಆಟದ ಬಯಲಿನ ಸುತ್ತ ಅಡ್ಡಾಡಿ ಬಂದವರೇ ಅದನ್ನು ಒತ್ತುತ್ತಾರೆ. ನಾನು ಮೇಲಿನಿಂದ ಬಾಗಿಲ ಪಕ್ಕದ ಫೋನೆತ್ತಿ "ಯಾರ್ರೀ?" ಎಂದರೆ ಇಡೀ ಕಟ್ಟಡಕ್ಕೆ ಕೇಳುವಂತೆ "ಮೆಣಸಿನಕಾಯಿಯವರು!" ಎನ್ನುತ್ತಾರೆ. ಆಗ ಎರಡನೆಯ ಮಹಡಿಯ ಮುದುಕ ಕಿಟಕಿ ತೆರೆದು ನೋಡುತ್ತಾನೆ. ನಾನು ಮೇಲಿನಿಂದಲೇ ಗುಂಡಿ ಒತ್ತಿ ಬಾಗಿಲು ತೆರೆಯುತ್ತೇನೆ.

"ಬರೇ ನಾನು ಅಂದ್ರ ಸಾಕಲ್ಲರಿ ಅತ್ತಿ," ಎಂದು ಒಮ್ಮೆ ಹೇಳಿದ್ದೆ.

"ನಾನು ಅಂದ್ರ ಯಾರು? ನಾನು ಅನ್ನಾವ್ರು ಊರ ತುಂಬ ಅದಾರ. ಮನಿತನ ಹೇಳಬೇಕು," ಎಂದರು.

ಹೋದ ಬೇಸಿಗೆಯ ಒಂದು ಭಾನುವಾರ ನಮ್ಮ ಒಬ್ಬಳೇ ಮಗಳು ಊಟಕ್ಕೆ ಬಂದಿದ್ದಳು. ಅವಳು ಆಖೆನ್‌ನಲ್ಲಿ ಓದಿ ಈಗ ಮ್ಯಾನ್‌ಹೈಮ್‌ನಲ್ಲಿ ಕೆಲಸದಲ್ಲಿದ್ದಾಳೆ. ಎಣ್ಣೆಗಾಯಿ ಬಡಿಸುತ್ತಿದ್ದೆ. "ಅಜ್ಜಿ, ನಾ ಒಂದು ಹೇಳಬೇಕು," ಎಂದಳು. "ಆಖೆನ್‌ದಾಗ ನನ್ನ ಜೋಡಿ ಓದಿದ ಹುಡುಗ. ಸ್ವೀಡನ್ ದೇಶದವ. ನಾವಿಬ್ರೂ ಮದುವಿ ಆಗ್ತೀವಿ."

ನನಗೆ ಗೊತ್ತಿದ್ದ ವಿಷಯವೇ. ಆದರೂ ಕೈಯಲ್ಲಿದ್ದ ಸೌಟು ನಿಂತಿತು. ಅತ್ತೆಯ ಮೈಮೇಲೆ ಈಗ ದೇವರು ಬರುತ್ತದೆ, ನಾಳೆಯೇ ವಿಮಾನದ ಟಿಕೆಟ್ ಮಾಡಿಸು ಎನ್ನುತ್ತಾರೆ ಎಂದು ಗಟ್ಟಿಯಾಗಿ ನಿಂತೆ. ಅತ್ತೆ ರೊಟ್ಟಿ ಮುರಿಯುವುದನ್ನೂ ನಿಲ್ಲಿಸಲಿಲ್ಲ.

"ಅಡ್ಡಹೆಸರು ಏನೈತಿ?" ಎಂದರು.

ಮಗಳು ಹೆಸರನ್ನೂ ಅದರ ಅರ್ಥವನ್ನೂ ಹೇಳಿದಳು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಪಾಪ, ಸಂಭಾವಿತ ಜನ. ಅರ್ಥ ಮಾತ್ರ ಹೇಳುತ್ತೇನೆ: ಮೊದಲ ಅರ್ಧಕ್ಕೆ ಅವರ ಭಾಷೆಯಲ್ಲಿ ಗುಡ್ಡ, ಎರಡನೆಯ ಅರ್ಧಕ್ಕೆ ಹೊಳೆ. ಗುಡ್ಡಹೊಳೆ ಎಂದಿಟ್ಟುಕೊಳ್ಳಿ.

"ಗುಡ್ಡಾನೂ ಐತಿ, ಹೊಳಿನೂ ಐತಿ?" ಅತ್ತೆಯ ಮುಖ ಅರಳಿತು. "ಹೊಳಿ ದಂಡಿ ಹೊಲ ಅಂದ್ರ ಚಲೋ ಮಣ್ಣು ಇರತೈತಿ. ನೀರಿನ ಚಿಂತಿ ಇಲ್ಲ. ಕೂಡ್ರಸು ಮಾತಿಗೆ."

ಹುಡುಗನ ಜಾತಿ ಇಲ್ಲ, ಧರ್ಮ ಇಲ್ಲ, ಮಾಂಸ ತಿನ್ನುತ್ತಾನೋ ಬಿಡುತ್ತಾನೋ ಏನೂ ಕೇಳಲಿಲ್ಲ. ಒಂದು ಹೊಳೆ ಅಷ್ಟನ್ನೂ ತೊಳೆದುಕೊಂಡು ಹೋಯಿತು. ತಿದ್ದಿ ಹೇಳಬೇಕಾಗಿದ್ದ ನನ್ನ ಗಂಡ ಕೈ ತೊಳೆದವರೇ ಲ್ಯಾಪ್‌ಟಾಪ್ ತಂದು ಸ್ವೀಡನ್ನಿನ ನಕಾಶೆ ತೆರೆದರು. ಬೀಗರ ಊರು ಹುಡುಕಿ, ದೊಡ್ಡದು ಮಾಡಿ, ಊರ ಹೊರಗಿನ ಒಂದು ಹಸಿರು ದಿಬ್ಬದ ಮೇಲೆ ಬೆರಳಿಟ್ಟರು. "ಇದ ಇರಬೇಕವ್ವಾ ಗುಡ್ಡ." ತಾಯಿ ಮಗ ಇಬ್ಬರೂ ತಲೆಗೆ ತಲೆ ಹಚ್ಚಿ ಹೊಳೆ ಹುಡುಕತೊಡಗಿದರು. ಮಗಳು "ಓ ಗಾಟ್" ಎಂದು ಬಾಲ್ಕನಿಗೆ ಎದ್ದುಹೋದಳು.

ಅಂದೇ ಸಂಜೆ ಹುಬ್ಬಳ್ಳಿಗೆ ವಿಡಿಯೋ ಕಾಲ್ ಹೋಯಿತು. ಅತ್ತೆ ನಾದಿನಿಗೆ ಹೇಳಿದ್ದು ಗುಡ್ಡ ಮತ್ತು ಹೊಳೆ, ಅಷ್ಟೇ. ಆದರೆ ಹುಬ್ಬಳ್ಳಿಯಲ್ಲಿ ಮಾತಿಗೆ ಕಾಲು ಬರಲು ಹೆಚ್ಚು ಹೊತ್ತು ಬೇಕಿಲ್ಲ. ಆ ವಾರವೇ ನನ್ನ ತಂಗಿ ಫೋನು ಮಾಡಿ, "ಅಕ್ಕಾ, ನಿಮ್ಮ ಬೀಗರ ಹೊಳಿಯಾಗ ಕರೆಂಟ್ ತಯಾರ್ ಮಾಡತಾರಂತಲ್ಲ?" ಎಂದು ಕೇಳಿದಳು. ನಾನು ನಕ್ಕೆ. ಆದರೆ ಒಳಗೊಳಗೆ ನನಗೂ ಆ ಹೊಳೆಯ ದಂಡೆಯ ಮೇಲೆ ಮೊಮ್ಮಕ್ಕಳು ಆಡುವುದು ಕಾಣತೊಡಗಿತ್ತು, ಸುಳ್ಳು ಯಾಕೆ ಹೇಳಲಿ.

ಕೆಲವು ದಿನ ಹೀಗೆ ಸುಖವಾಗಿ ಕಳೆದವು. ಒಂದು ಬೆಳಿಗ್ಗೆ ಚಹಾ ಕುಡಿಯುತ್ತ ಅತ್ತೆ ಒಮ್ಮೆಲೇ ಕಪ್ಪು ಕೆಳಗಿಟ್ಟರು.

"ಹಂಗಾದ್ರ ನಮ್ಮ ಹುಡುಗಿ ಗುಡ್ಡಹೊಳಿ ಆಗತಾಳ. ನಮ್ಮ ಹೆಸರು?"

ನನ್ನ ಮಾವ ಅವರ ತಂದೆಗೆ ಒಬ್ಬನೇ ಮಗ. ನನ್ನ ಗಂಡನೂ ಒಬ್ಬರೇ ಗಂಡುಮಗ. ನಮಗೆ ಒಬ್ಬಳೇ ಮಗಳು. ಹುಬ್ಬಳ್ಳಿಯಲ್ಲಿ ಕಲ್ಲು ಒಗೆದರೆ ಯಾರಾದರೂ ಮೆಣಸಿನಕಾಯಿಯವರಿಗೆ ತಾಗುತ್ತದೆ ಎಂದು ನಾನು ಸಮಾಧಾನ ಹೇಳಹೋದೆ. "ಅವರ ಬ್ಯಾರೆ, ನಾವ ಬ್ಯಾರೆ," ಎಂದು ಬಾಯಿ ಮುಚ್ಚಿಸಿದರು. ಮುಂದಿನ ಭಾನುವಾರ ಮಗಳ ಮುಂದೆ ತೀರ್ಪು ಬಂತು: "ಹುಡುಗ ನಮ್ಮ ಹೆಸರು ಇಟ್ಕೊಳ್ಳಲಿ. ಇಲ್ಲಾಂದ್ರ ಮದುವಿ ಮಾಡ್ಕೊಳ್ರಿ, ಉಣ್ರಿ, ತಿನ್ರಿ. ನಾ ಮಾತ್ರ ಅಕ್ಕಿಕಾಳು ಹಾಕಂಗಿಲ್ಲ."

"ಅಜ್ಜಿ, ಇಲ್ಲಿ ಇಬ್ರೂ ತಮ್ಮ ತಮ್ಮ ಹೆಸರು ಇಟ್ಕೋಬಹುದು. ಒಬ್ಬರದು ಇಬ್ರೂ ಇಟ್ಕೋಬಹುದು. ಈಗ ಎರಡೂ ಸೇರಿಸಬಹುದು. ಅದು ನಾವಿಬ್ರು ಡಿಸೈಡ್ ಮಾಡೋದು. ನೀವಲ್ಲ," ಎಂದಳು ಮಗಳು.

ಮೆಣಸಿನಕಾಯಿ-ಗುಡ್ಡಹೊಳೆ ಎಂಬ ಜೋಡಿ ಹೆಸರು ನಮ್ಮ ಕರೆಗಂಟೆಯ ಪಟ್ಟಿಯಲ್ಲಿ ಹೇಗೆ ಹಿಡಿಸೀತು ಎಂದು ನನ್ನ ಗಂಡ ಗಂಭೀರವಾಗಿ ಯೋಚಿಸುತ್ತಿದ್ದರು. ಎಂಜಿನಿಯರುಗಳ ಕಷ್ಟವೇ ಬೇರೆ.

ಅಜ್ಜಿ ಮೊಮ್ಮಗಳು ಇಬ್ಬರದೂ ಒಂದೇ ಹಟ. ಮಗಳು ಅಂದು ಮ್ಯಾನ್‌ಹೈಮ್‌ಗೆ ಹೊರಟಾಗ ಸ್ಟೇಷನ್ನಿನಲ್ಲಿ ನನ್ನ ಕೈ ಹಿಡಿದು, "ಅಮ್ಮಾ, ಅಜ್ಜಿ ಅಕ್ಕಿಕಾಳು ಹಾಕ್ಲಿಲ್ಲಾಂದ್ರ ನನಗ ಮದುವಿ ಆದಂಗ ಅನಿಸೂದಿಲ್ಲ," ಎಂದು ಕಣ್ಣು ತುಂಬಿಕೊಂಡಳು. ಹಾಗಾದರೆ ಅಜ್ಜಿಯ ಮಾತಿಗೆ ಹೂಂ ಅನ್ನು ಎಂದರೆ ಅದಕ್ಕೂ ಒಲ್ಲಳು. ಹುಡುಗನನ್ನು ಬಲವಂತ ಮಾಡುವುದಿಲ್ಲ, ಅಜ್ಜಿಗೆ ಸುಳ್ಳು ಹೇಳುವುದೂ ಇಲ್ಲ. ಅಡಕತ್ತರಿಯಲ್ಲಿ ಸಿಕ್ಕ ಅಡಕೆ ನಾನು.

ಈ ಸ್ಥಿತಿಯಲ್ಲಿ ಬೀಗರು ಬಂದರು. ಹುಡುಗ, ಅವನ ತಂದೆ, ತಾಯಿ. ಬೀಗರದು ಮಾತು ಕಡಿಮೆ, ರೊಟ್ಟಿ ಹೆಚ್ಚು. ಬೀಗಿತ್ತಿ ನಿವೃತ್ತ ಶಿಕ್ಷಕಿ, ಹಿರಿಯರ ವಂಶಾವಳಿ ಹುಡುಕುವ ಹುಚ್ಚಿನವರು. ಶಾಲೆಯಲ್ಲಿ ಜರ್ಮನ್ ಕಲಿತಿದ್ದರು. ಅದು ನನ್ನ ಜರ್ಮನ್ನಿಗಿಂತ ಚೆನ್ನಾಗಿತ್ತು, ಅದೇನು ದೊಡ್ಡ ಮಾತಲ್ಲ. ಅತ್ತೆ ರೇಶ್ಮೆ ಸೀರೆ ಉಟ್ಟು ಮೇಜಿನ ತಲೆಗೆ ಕುಳಿತರು. ನಾನು ನಡುವೆ ದುಭಾಷಿ.

ಹೋಳಿಗೆ ಬಡಿಸುವ ತನಕವಾದರೂ ತಡೆಯುತ್ತಾರೆ ಅಂದುಕೊಂಡಿದ್ದೆ. ಮೊದಲ ತುತ್ತಿಗೇ ಶುರುವಾಯಿತು. "ಕೇಳವಾ, ಗುಡ್ಡ ಅವರ ಮನಿಯಿಂದ ಎಷ್ಟು ದೂರ?"

ಕೇಳಿದೆ. ಬೀಗಿತ್ತಿ ಗಂಡನ ಮುಖ ನೋಡಿದರು, ಗಂಡ ಮಗನ ಮುಖ ನೋಡಿದರು. ಯಾವ ಗುಡ್ಡ? ಅವರ ಊರು ಅಂಗೈಯಂತೆ ಸಪಾಟು. ಇರುವುದು ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ. ನನ್ನ ಗಂಡ ತಮ್ಮ ಮರ್ಯಾದೆ ಉಳಿಸಿಕೊಳ್ಳಲು ಫೋನಿನಲ್ಲಿ ಆ ಹಸಿರು ದಿಬ್ಬ ತೋರಿಸಿದರು. ಬೀಗರು ಅಂದು ಮೊದಲ ಸಲ ಬಾಯಿ ತೆರೆದರು. ಅದು ಹಿಂದೆ ಊರಿನ ಕಸ ಸುರಿದು ಮೇಲೆ ಮಣ್ಣು ಮುಚ್ಚಿದ ಜಾಗವಂತೆ. ಚಳಿಗಾಲದಲ್ಲಿ ಮಕ್ಕಳು ಅದರ ಮೇಲಿಂದ ಜಾರಾಡುತ್ತಾರಂತೆ. ನನ್ನ ಗಂಡ ಫೋನು ಕಿಸೆಗೆ ಇಳಿಸಿ ಉಳ್ಳಾಗಡ್ಡಿ ಹೋಳನ್ನು ಬಹಳ ಶ್ರದ್ಧೆಯಿಂದ ತಿನ್ನತೊಡಗಿದರು.

ಆಮೇಲೆ ಬೀಗಿತ್ತಿ ಬಿಡಿಸಿ ಹೇಳಿದರು. ಹಿಂದೆ ಅವರ ಹಳ್ಳಿಗಳಲ್ಲಿ ಅಡ್ಡಹೆಸರೇ ಇರಲಿಲ್ಲ. ಅಪ್ಪನ ಹೆಸರಿಗೆ ‘ಮಗ’ ಎಂದು ಸೇರಿಸಿದರೆ ಮುಗಿಯಿತು. ಮಗನಿಗೆ ಮಗ ಹುಟ್ಟಿದರೆ ಅದೂ ಬದಲಾಗುತ್ತಿತ್ತು. ಇಡುತ್ತಿದ್ದದ್ದೋ ನಾಲ್ಕಾರೇ ಹೆಸರು, ಹಾಗಾಗಿ ಎತ್ತ ನೋಡಿದರೂ ಅದೇ ಅಪ್ಪನ ಅದೇ ಮಗ. ಬೀಗರ ಮುತ್ತಜ್ಜ ಕಟ್ಟಿಗೆ ಕೊಯ್ಯುವ ಮಿಲ್ಲಿನಲ್ಲಿದ್ದಾಗ ಅವನ ಹೆಸರಿನವರೇ ಇನ್ನೂ ಹಲವರಿದ್ದು, ಒಬ್ಬನ ತಪ್ಪಿಗೆ ಇನ್ನೊಬ್ಬ ಬೈಸಿಕೊಳ್ಳುತ್ತಿದ್ದನಂತೆ. ರೋಸಿಹೋಗಿ ಚೆಂದ ಕೇಳುವ ಎರಡು ಶಬ್ದ ಜೋಡಿಸಿ ಹೊಸ ಹೆಸರು ಇಟ್ಟುಕೊಂಡ. ಆ ಕಾಲಕ್ಕೆ ಅಲ್ಲಿ ಅನೇಕರು ಹಾಗೇ ಮಾಡಿದರಂತೆ. ಗುಡ್ಡ, ಹೊಳೆ, ಬರ್ಚ್ ಮರ, ಟೊಂಗೆ, ಎಲೆ, ದ್ವೀಪ, ಯಾವುದಾದರೂ ಎರಡು ಆರಿಸಿ ಹೊಲಿದುಕೊಳ್ಳುವುದು. ಟೊಂಗೆಯವರ ಮನೆ ಮುಂದೆ ಮರ ಇರಲೇಬೇಕೆಂದಿಲ್ಲ.

ಇದನ್ನು ಅತ್ತೆಗೆ ಆದಷ್ಟು ಮೆತ್ತಗೆ ಹೇಳಿದೆ. ಅತ್ತೆ ಕೇಳಿದರು, ಮೂಗಿನ ಮೇಲೆ ಬೆರಳಿಟ್ಟರು. "ಅಂದ್ರ ಸುಳ್ಳು ಹೆಸರು! ಇಲ್ಲದ ಗುಡ್ಡ, ಇಲ್ಲದ ಹೊಳಿ!"

"ಬಹಳ ಸುಂದರವಾದ ಹೆಸರು ಅನ್ನುತ್ತಿದ್ದಾರೆ," ಎಂದೆ ಬೀಗಿತ್ತಿಗೆ.

"ಅಮ್ಮಾ, ಸರಿಯಾಗಿ ಹೇಳು," ಎಂದು ಮಗಳು ನನ್ನ ಕೆಲಸ ಕಸಿದುಕೊಂಡು ಇದ್ದದ್ದು ಇದ್ದ ಹಾಗೆ ಜರ್ಮನ್ನಿನಲ್ಲಿ ಒದರಿಬಿಟ್ಟಳು. ಎದ್ದು ಬಂದು ಎದೆಗೆ ಒದ್ದ ಹಾಗಾಯಿತಲ್ಲ ಎಂದು ನಾನು ಕಣ್ಣು ಮುಚ್ಚಿದೆ. ಬೀಗಿತ್ತಿ ಮಾತ್ರ ಬಿದ್ದು ಬಿದ್ದು ನಕ್ಕರು. ನಕ್ಕು ಮುಗಿದ ಮೇಲೆ ಮರ್ಯಾದೆಯಿಂದ ಕೇಳಿದರು: "ನಿಮ್ಮದು ಮೆಣಸಿನಕಾಯಿಯ ಹೊಲ ದೊಡ್ಡದಿರಬೇಕಲ್ಲ?"

ಅದೇ ಗಳಿಗೆಗೆ ನನ್ನ ಗಂಡನಿಗೆ ಬಿಕ್ಕಳಿಕೆ ಹತ್ತಬೇಕೇ? ರೊಟ್ಟಿಗೆ ಚೂರು ರಂಜಕ, ಕೆಂಪು ಮೆಣಸಿನಕಾಯಿಯ ಚಟ್ನಿ, ಹಚ್ಚಿಕೊಂಡಿದ್ದರು, ಅಷ್ಟೇ. ಈ ಮನೆತನದ ಏಕೈಕ ಗಂಡು ಕುಡಿಗೆ ಖಾರ ಆಗುವುದಿಲ್ಲ ಎಂಬುದು ನಮ್ಮ ಮನೆಯ ಗುಟ್ಟು. ಮಾವ ರೈಲ್ವೆಯಲ್ಲಿ ಗುಮಾಸ್ತರಾಗಿದ್ದವರು. ಅವರ ತಂದೆ ಅಂಗಿ ಹೊಲಿಯುತ್ತಿದ್ದವರು. ಮೆಣಸಿನಕಾಯಿ ಬೆಳೆದದ್ದಾಗಲಿ ಮಾರಿದ್ದಾಗಲಿ ಕಂಡವರು ಯಾರೂ ಇಲ್ಲ.

"ಯಾವ ಕಾಲದಾಗೋ ಮಾರತಿದ್ರಂತ," ಎಂದರು ಅತ್ತೆ, ಸ್ವಲ್ಪ ದನಿ ಇಳಿಸಿ.

ಬಿಕ್ಕಳಿಕೆಯ ನಡುವೆ ಮಾತು ಮುಂದುವರಿಯಿತು. ಬೀಗಿತ್ತಿ ತಮ್ಮ ತವರಿನ ಹೆಸರು ಹೇಳಿದರು. ಅದರ ಅರ್ಥ ಶೂರ. ಸೈನ್ಯದಲ್ಲೂ ಅದೇ ಅಪ್ಪನ ಅದೇ ಮಗಂದಿರು ತುಂಬಿ, ಒಬ್ಬನನ್ನು ಕರೆದರೆ ಹತ್ತು ಜನ ಓಡಿಬರುತ್ತಿದ್ದರಂತೆ. ಅದಕ್ಕೆ ಸೈನ್ಯದವರೇ ಚುಟುಕು ಹೆಸರು ಹಂಚುತ್ತಿದ್ದರು: ಶೂರ, ಚುರುಕು, ಕತ್ತಿ, ಗುರಾಣಿ. ಸಿಪಾಯಿಗೆ ಇರಲು ಒಂದು ಗುಡಿಸಲು ಕೊಡುತ್ತಿದ್ದರು. ಅವನು ಸತ್ತರೆ ಅದೇ ಗುಡಿಸಲಿಗೆ ಬರುವ ಮುಂದಿನ ಸಿಪಾಯಿಗೆ ಎಷ್ಟೋ ಸಲ ಅದೇ ಹೆಸರು. ತಮ್ಮ ಶೂರ ಬಾತುಕೋಳಿಗೆ ಹೆದರುತ್ತಿದ್ದನೆಂದು ಮನೆಯಲ್ಲಿ ಹೇಳುತ್ತಾರೆ ಎಂದರು. ಅತ್ತೆಗೆ ಇದು ಹಿಡಿಸಿತು. "ಬಾಡಗಿ ಮನಿ ಬಾಗಲದ ಪಟ್ಟಿ ಇದ್ದಂಗ," ಎಂದು ಮೊದಲ ಸಲ ನಕ್ಕರು.

"ಹೆಂಗಸರಿಗೆ ಏನಂತಿದ್ರು, ಕೇಳು," ಎಂದರು ನನಗೆ.

ಹೆಂಗಸರಿಗೆ ಅಪ್ಪನ ಹೆಸರಿಗೆ ‘ಮಗಳು’ ಸೇರುತ್ತಿತ್ತು ಎಂದರು ಬೀಗಿತ್ತಿ. ಮದುವೆಯಾದರೂ ಅದು ಬದಲಾಗುತ್ತಿರಲಿಲ್ಲ. ಗಂಡ ಇಂಥವನ ಮಗ, ಹೆಂಡತಿ ಅಂಥವನ ಮಗಳು. ಒಂದೇ ಮನೆ, ಎರಡು ಹೆಸರು.

"ಲಗ್ನ ಆದ ಮ್ಯಾಲೂ?" ಅತ್ತೆ ಕೇಳಿದರು.

"ಲಗ್ನ ಆದ ಮ್ಯಾಲೂ ಅಂತರಿ. ಸಾಯೂತನಕ."

ಮುಂದೆ ಕಾಲ ಬದಲಾಯಿತು, ಹೆಸರುಗಳು ಗಟ್ಟಿಯಾಗಿ ಕೂತವು, ಹೆಂಡತಿಯರೂ ಗಂಡನ ಅಡ್ಡಹೆಸರು ತೆಗೆದುಕೊಳ್ಳತೊಡಗಿದರು. ಆಗ ನಾಲ್ಕು ಹಡೆದ ಹೆಂಗಸೂ ಯಾರದೋ ‘ಮಗ’ ಆದಳು. ಇದನ್ನು ಹೇಳಿದಾಗ ಅತ್ತೆ ಸೆರಗು ಬಾಯಿಗೆ ಹಿಡಿದು ಮೈ ಕುಲುಕಿ ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನಗು ನಿಂತಿತು, ನೀರು ಮಾತ್ರ ಒರೆಸಿಕೊಂಡಷ್ಟೂ ಬರುತ್ತಿತ್ತು.

ಅಷ್ಟು ಹೊತ್ತು ಸುಮ್ಮನೆ ಕುಳಿತಿದ್ದ ಹುಡುಗ ಆಗ ಕೇಳಿದ, ಬಹಳ ಮೆಲ್ಲಗೆ: ಮದುವೆಗೆ ಮುಂಚೆ ಅಜ್ಜಿಯ ಹೆಸರು ಏನಿತ್ತು? ಮಗಳು ಅದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿದಳು.

ಅತ್ತೆಯ ತವರಿನ ಅಡ್ಡಹೆಸರು ನನಗೆ ಗೊತ್ತು, ಅವರ ತಮ್ಮಂದಿರನ್ನು ಆ ಹೆಸರಿನಿಂದಲೇ ಕರೆಯುತ್ತೇವೆ. ನಾನೇ ಹೇಳಲು ಬಾಯಿ ತೆರೆದೆ. ಅತ್ತೆ ಕೈ ಎತ್ತಿ ತಡೆದರು.

"ಬೆಲ್ಲದ," ಎಂದರು. ಸೆರಗು ಸರಿ ಮಾಡಿಕೊಂಡು, "ಬೆಲ್ಲದವರ ಮನಿಯಿಂದ ಮೆಣಸಿನಕಾಯಿಯವರ ಮನಿಗೆ ಬಂದೆ. ಅಪ್ಪ ಇಟ್ಟ ಹೆಸರೂ ತಗದು ಇವರು ಬ್ಯಾರೆ ಇಟ್ರು. ಅವತ್ತಿನಿಂದ ನನ್ನ ಯಾರೂ ಬೆಲ್ಲದಾಕಿ ಅಂದಿಲ್ಲ. ನಾನೂ ಅಂದ್ಕೊಂಡಿಲ್ಲ," ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ನಿಂದು ಉಪ್ಪಿನ ಅಲ್ಲೇನವಾ?"

ನನ್ನ ಮದುವೆಯಾದಂದಿನಿಂದ ಆ ಮನೆಯಲ್ಲಿ ಯಾರೂ ಆ ಶಬ್ದ ಎತ್ತಿರಲಿಲ್ಲ. ಹೆಸರು ಉಳಿಯಬೇಕು ಎಂದು ತಿಂಗಳಿಂದ ನಡೆದಿದ್ದ ಗದ್ದಲದಲ್ಲಿ ನನ್ನದೂ ಒಂದು ಹೆಸರಿತ್ತೆಂದು ನನಗೇ ಹೊಳೆದಿರಲಿಲ್ಲ. ತಲೆಯಾಡಿಸಿದೆ. ಅತ್ತುಬಿಟ್ಟೆ. ಬೀಗರ ಮುಂದೆ ಹೋಳಿಗೆಯ ತಾಟು ಹಿಡಿದುಕೊಂಡು ಅತ್ತ ಹೆಂಗಸು ನಾನೊಬ್ಬಳೇ ಇರಬೇಕು.

"ಉಪ್ಪು, ಬೆಲ್ಲ ಎರಡೂ ಮನ್ಯಾಗ ಅದಾವು," ಎಂದರು ಅತ್ತೆ. "ಪಟ್ಟಿ ಮ್ಯಾಲ ಬರೇ ಮೆಣಸಿನಕಾಯಿ."

"ಅವ್ವಾ, ನೀರು," ಎಂದರು ನನ್ನ ಗಂಡ, ಇನ್ನೂ ಬಿಕ್ಕುತ್ತ.

ಬೀಗರು ಹೊರಡುವಾಗ ಅತ್ತೆ ಬೀಗಿತ್ತಿಗೆ ಉಡಿ ತುಂಬಿದರು. ಆಕೆ ಪ್ಯಾಂಟು ಹಾಕಿದ್ದರು, ಉಡಿ ಎಲ್ಲಿಂದ ಬರಬೇಕು? ನನ್ನ ಶಾಲೊಂದನ್ನು ಸೊಂಟಕ್ಕೆ ಕಟ್ಟಿ ಎರಡೂ ತುದಿ ಹಿಡಿಸಿದೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು ಬಿದ್ದವು. ಕೊನೆಗೆ ಒಂದು ಹೆಂಟೆ ಬೆಲ್ಲ ಹಾಕಿದರು. ಒಂದು ಕ್ಷಣ ನಿಂತು ಇನ್ನೊಂದು ಹೆಂಟೆ ಹಾಕಿದರು. "ಇದು ನಮ್ಮ ತವರಮನಿದು, ಹೇಳು," ಎಂದರು. ಹೇಳಿದೆ. ಈ ಸಲ ಸರಿಯಾಗಿಯೇ ಹೇಳಿದೆ.

ಅವರು ಹೋದ ಮೇಲೆ ಅತ್ತೆ ಮೊಮ್ಮಗಳನ್ನು ಕರೆದರು. "ನಿನ್ನ ಹೆಸರು ನೀ ನೋಡ್ಕೋ. ಅಂವನ ಹೆಸರು ಅಂವ ನೋಡ್ಕೊಳ್ಳಲಿ. ಅಕ್ಕಿಕಾಳು ನಾ ಹಾಕತೀನಿ," ಎಂದರು. ಮಗಳು ಅಜ್ಜಿಯನ್ನು ಅಪ್ಪಿಕೊಂಡು, ತಾನು ಮೊದಲಿನಿಂದಲೂ ಮೆಣಸಿನಕಾಯಿಯಾಗಿಯೇ ಇರುವವಳಿದ್ದೆ, ಯಾರೂ ಕೇಳಲೇ ಇಲ್ಲ, ಬರೇ ಹುಕುಂ ಮಾಡಿದಿರಿ ಎಂದಳು. ಅತ್ತೆ "ಹೂಂ" ಎಂದರು, ಅಷ್ಟೇ. ಗೆದ್ದ ಖುಷಿ ಮುಖದ ಮೇಲೆ ಕಾಣಲಿಲ್ಲ.

ಹುಬ್ಬಳ್ಳಿಗೆ ಗುಡ್ಡದ ನಿಜ ತಿಳಿಸಬೇಕೇ ಎಂದು ನನ್ನ ಗಂಡ ಕೇಳಿದರು. "ಏನೂ ಬ್ಯಾಡ. ಗುಡ್ಡ ಇರಲಿ," ಎಂದರು ಅತ್ತೆ.

ಮರುದಿನ ಸಂಜೆ ಎಂದಿನಂತೆ ಅಡ್ಡಾಡಲು ಹೋದರು. ನಾನು ಪಾತ್ರೆ ತೊಳೆಯುತ್ತಿದ್ದೆ. ಗಂಟೆ ಬಾರಿಸಿತು. ಒದ್ದೆ ಕೈಯಲ್ಲೇ ಫೋನೆತ್ತಿ, ರೂಢಿಯಂತೆ "ಯಾರ್ರೀ?" ಎಂದೆ. ಕೆಳಗೆ ಬಸ್ಸು ಹಾದುಹೋದ ಸದ್ದು ಮಾತ್ರ ಕೇಳಿತು. ಮತ್ತೆ ಕೇಳಿದೆ.

"ಬೆಲ್ಲದವರ ಮಗಳು ಬಂದೇನಿ! ಬಾಗಲಾ ತಗಿ!"

ಎರಡನೆಯ ಮಹಡಿಯ ಕಿಟಕಿ ತೆರೆದ ಸದ್ದಾಯಿತು. ಉಪ್ಪಿನವರ ಮಗಳು ಗುಂಡಿ ಒತ್ತಿದಳು.